ಕರೆಂಟು ಹೋಗಿ ಬಂದಮೇಲೆ ಬೋರ್ಡ್ ಏಳುತ್ತಿಲ್ಲವೇ? ಕಾರ್ಡ್ ಬದಲಾಯಿಸುವ ಮುಂಚೆ ಇಷ್ಟು ನೋಡಿ

1902ರಲ್ಲೇ ಶಿವನಸಮುದ್ರದಿಂದ ತಂತಿ ಎಳೆದು ಚಿನ್ನದ ಗಣಿಗೆ ಕರೆಂಟು ತಂದ ಜಿಲ್ಲೆ ನಮ್ಮ ಕೋಲಾರ. ಅದೇ ಜಿಲ್ಲೆಯಲ್ಲಿ ಕೂತು ಕರೆಂಟು ಹೋದಾಗ ಏನು ಮಾಡಬೇಕು ಅಂತ ಬರೆಯುತ್ತಿದ್ದೇನೆ, ಇರಲಿ.

ನಾನು ಊರೂರಿಗೆ ಹಾಕಿಕೊಡುವುದು ಸಣ್ಣ ಸಣ್ಣ ಡಬ್ಬಿಗಳು. ಹಾಲಿನ ಡೇರಿಯಲ್ಲಿ ತೂಕದ ಯಂತ್ರಕ್ಕೆ ಜೋಡಿಸಿ ಲೆಕ್ಕ ಇಡುವುದು ಒಂದು, ಟೊಮ್ಯಾಟೊ ತೋಟದಲ್ಲಿ ಡ್ರಿಪ್ ವಾಲ್ವ್ ತೆರೆದು ಮುಚ್ಚುವುದು ಇನ್ನೊಂದು, ಚಿಕ್ಕಬಳ್ಳಾಪುರದ ಕಡೆ ಹೂವಿನ ಪಾಲಿಹೌಸಿನಲ್ಲಿ ಬಿಸಿ ಮತ್ತು ತೇವ ನೋಡಿಕೊಳ್ಳುವುದು ಮತ್ತೊಂದು. ಒಳಗೆ ಹೆಚ್ಚಾಗಿ ರಾಸ್ಪ್‌ಬೆರಿ ಪೈ ಥರದ ಒಂದು ಲಿನಕ್ಸ್ ಬೋರ್ಡ್, ಅದರಲ್ಲೊಂದು ಮೈಕ್ರೋ ಎಸ್‌ಡಿ ಕಾರ್ಡ್. ಬರುವ ಫೋನೂ ಒಂದೇ ಥರ: "ಅಣ್ಣಾ, ಕರೆಂಟು ಹೋಗಿ ಬಂತು, ನಿಮ್ಮ ಡಬ್ಬಿ ಮತ್ತೆ ಮಲಗಿಬಿಟ್ಟಿದೆ."

ಮೊದಲೆಲ್ಲಾ ನಾನೂ ಸುಮ್ನೆ ಹೊಸ ಕಾರ್ಡ್ ತುರುಕಿ ಬರುತ್ತಿದ್ದೆ. ಎರಡು ತಿಂಗಳಿಗೆ ಮತ್ತೆ ಫೋನು. ಆಮೇಲೆ ಗೊತ್ತಾಯಿತು, ಕೆಟ್ಟಿರುವುದು ನಾಲ್ಕು ಕಡೆಯಲ್ಲಿ ಎಲ್ಲಾದರೂ ಇರಬಹುದು: ಬೋರ್ಡಿಗೆ ಬರುವ ಕರೆಂಟು, ಕಾರ್ಡ್, ಕಾರ್ಡಿನ ಮೇಲಿರುವ ಫೈಲ್ ಸಿಸ್ಟಂ (ಯಾವ ಫೈಲ್ ಎಲ್ಲಿದೆ ಅಂತ ಇಡುವ ಲೆಕ್ಕ), ಇಲ್ಲವೇ ನಾವೇ ಬರೆದ ಪ್ರೋಗ್ರಾಂ. ನಾಲ್ಕಕ್ಕೂ ಕಾಣುವ ಲಕ್ಷಣ ಬೇರೆ. ಯಾವುದು ಅಂತ ತಿಳಿಯದೆ ಕಾರ್ಡ್ ಬದಲಾಯಿಸಿದರೆ, ಹೊಸ ಕಾರ್ಡೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಒಂದು ಮಾತು. ಕಮಾಂಡುಗಳನ್ನು ನಾವು ಬಾಯಲ್ಲಿ ಹೇಳಿಕೊಳ್ಳುವ ಹಾಗೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ.

ಡಬ್ಬಿ ಬಿಚ್ಚುವ ಮುಂಚೆ

ತೋಟದ ಡಬ್ಬಿ ಇರುವುದು ಸಾಮಾನ್ಯವಾಗಿ ಮೋಟಾರ್ ಸ್ಟಾರ್ಟರ್ ಪಕ್ಕದಲ್ಲೇ. ಅಲ್ಲಿ 415 ವೋಲ್ಟಿನ ತ್ರೀ ಫೇಸ್ ಬಂದಿರುತ್ತದೆ. "ಈಗ ಕರೆಂಟಿಲ್ಲ ಬಿಡಿ" ಅಂತ ಯಾರಾದರೂ ಹೇಳಿದರೆ ನಂಬಿ ಕೈ ಹಾಕಬೇಡಿ. ಕರೆಂಟು ಯಾವ ಗಳಿಗೆಯಲ್ಲಿ ಬೇಕಾದರೂ ಬರುತ್ತದೆ, ಆಟೋ ಸ್ಟಾರ್ಟರ್ ಇದ್ದರೆ ಮೋಟಾರೂ ತಾನಾಗಿಯೇ ಏಳುತ್ತದೆ. ಮೇನ್ ಕೆಡವಿ, ಮೂರು ಫೇಸಿಗೂ ಟೆಸ್ಟರ್ ಇಟ್ಟು ನೋಡಿ, ಆಮೇಲೆ ಡಬ್ಬಿ ಬಿಚ್ಚಿ. ನೀರು ಹಾಯಿಸಿದ ನೆಲದಲ್ಲಿ ಬರಿಗಾಲಲ್ಲಿ ನಿಂತು ಕೆಲಸ ಬೇಡ. ಮೀಟರ್ ಕಡೆಯ ಸೀಲು, ಕಂಬದ ಫ್ಯೂಸು, ಟಿಸಿ (ಟ್ರಾನ್ಸ್‌ಫಾರ್ಮರ್), ಇವು ನಮ್ಮ ಕೆಲಸವಲ್ಲ. ಲೈನ್‌ಮನ್ ಬರಲಿ.

ಎರಡನೇ ಎಚ್ಚರಿಕೆ ಕಾರ್ಡಿನದು. ಕಾರ್ಡ್ ತೆಗೆದು ವಿಂಡೋಸ್ ಕಂಪ್ಯೂಟರಿಗೆ ಹಾಕಿದ ತಕ್ಷಣ "ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?" ಅಂತ ಕೇಳುತ್ತದೆ. ಕಾರ್ಡ್ ಕೆಟ್ಟಿದೆ ಅಂತ ಅರ್ಥವಲ್ಲ. ಎಕ್ಸ್ಟ್4 ಅನ್ನುವುದು ಲಿನಕ್ಸಿನ ಫೈಲ್ ಸಿಸ್ಟಂ, ಅದಿರುವ ಭಾಗ (ಪಾರ್ಟಿಶನ್) ವಿಂಡೋಸಿಗೆ ಓದಲು ಬರುವುದಿಲ್ಲ, ಅಷ್ಟೇ. ಕ್ಯಾನ್ಸಲ್ ಒತ್ತಿ. ಇಲ್ಲಿ ಓಕೆ ಒತ್ತಿ ಒಂದು ತಿಂಗಳ ಹಾಲಿನ ಲೆಕ್ಕ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಲಕ್ಷಣ: ದೀಪವೇ ಇಲ್ಲ, ಅಥವಾ ಕೆಂಪು ದೀಪ ಆಗಾಗ ಆರುತ್ತದೆ

ಇದು ಕರೆಂಟಿನ ಕಡೆಯ ದೋಷ. ಕಾರ್ಡಿನ ತಂಟೆಗೆ ಇನ್ನೂ ಹೋಗಬೇಡಿ. ಕೇಬಲ್ ಬದಲಾಯಿಸಿ ನೋಡಿ, ಆಮೇಲೆ ಅಡಾಪ್ಟರ್. ಮೊಬೈಲ್ ಚಾರ್ಜರಿನ ಮೇಲೆ ಏನೇ ಬರೆದಿರಲಿ, ಬೋರ್ಡ್ ಪೂರ್ತಿ ಕೆಲಸ ಮಾಡುವಾಗ ಅದು 5 ವೋಲ್ಟ್ ಹಿಡಿದು ನಿಲ್ಲುತ್ತದಾ ಅನ್ನುವುದೇ ಮುಖ್ಯ. ಮಲ್ಟಿಮೀಟರ್ ಇದ್ದರೆ ಬೋರ್ಡಿನ 2ನೇ ಪಿನ್ (5 ವೋಲ್ಟ್) ಮತ್ತು 6ನೇ ಪಿನ್ (ಗ್ರೌಂಡ್) ನಡುವೆ ಅಳೆಯಿರಿ. ಅಡಾಪ್ಟರಿನ ತುದಿಯಲ್ಲಿ ಅಳೆದರೆ ಉಪಯೋಗವಿಲ್ಲ. ಪೈ ಬೋರ್ಡ್ ಸುಮಾರು 4.63 ವೋಲ್ಟಿಗಿಂತ ಕೆಳಗಿಳಿದರೆ ವೋಲ್ಟೇಜ್ ಕಮ್ಮಿ ಅಂತ ದೂರುತ್ತದೆ. ಪೈ 3ರಂಥ ಬೋರ್ಡುಗಳಲ್ಲಿ ಕೆಂಪು ದೀಪ ಆರುವುದು ಇದಕ್ಕೇ.

ಬೋರ್ಡ್ ಏಳುತ್ತಿದ್ದರೆ "ವಿಸಿಜೆನ್‌ಸಿಎಂಡಿ ಗೆಟ್ ಥ್ರಾಟಲ್ಡ್" ಹೊಡೆಯಿರಿ. 0ಎಕ್ಸ್0 ಬಂದರೆ ಆನ್ ಆದಾಗಿನಿಂದ ತೊಂದರೆಯಿಲ್ಲ. 0ಎಕ್ಸ್50000 ಬಂದರೆ ಹಿಂದೆ ಯಾವಾಗಲೋ ಕಮ್ಮಿಯಾಗಿತ್ತು, ಈಗ ಸರಿಯಿದೆ. 0ಎಕ್ಸ್50005 ಅಂದರೆ ಈಗಲೂ ಕಮ್ಮಿಯೇ ಇದೆ. ಈ ಮೂರನೆಯದು ಬಂದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ, ಮೊದಲು ಅದನ್ನು ಸರಿಮಾಡಿ.

ಶ್ರೀನಿವಾಸಪುರದ ಒಂದು ಮಾವಿನ ತೋಟದಲ್ಲಿ ಅಡಾಪ್ಟರ್ ಮನೆಯೊಳಗೆ, ಬೋರ್ಡ್ 15 ಮೀಟರ್ ದೂರದ ಶೆಡ್ಡಿನಲ್ಲಿ. ನಡುವೆ ಬರೀ 0.5 ಚದರ ಮಿಲಿಮೀಟರ್ ವೈರು. ಹೋಗಿ ಬರುವ ಎರಡೂ ಎಳೆ ಸೇರಿ 30 ಮೀಟರ್, ಅಂದರೆ ಹತ್ತಿರ ಹತ್ತಿರ 1 ಓಮ್. ಬೋರ್ಡ್ 1 ಆಂಪಿಯರ್ ಎಳೆದರೆ ದಾರಿಯಲ್ಲೇ 1 ವೋಲ್ಟ್ ಹೋಯಿತು, ಬೋರ್ಡಿಗೆ ಸಿಕ್ಕಿದ್ದು 4! ಅದೇ ವೈರಿನಲ್ಲಿ 12 ವೋಲ್ಟ್ ತೆಗೆದುಕೊಂಡು ಹೋಗಿ ಬೋರ್ಡ್ ಪಕ್ಕದಲ್ಲಿ ಒಂದು ಬಕ್ ಕನ್ವರ್ಟರ್ ಇಟ್ಟು 5ಕ್ಕೆ ಇಳಿಸಿದೆ. ಕಾರ್ಡ್ ಮುಟ್ಟಲೇ ಇಲ್ಲ.

ಲಕ್ಷಣ: ಕೆಂಪು ದೀಪ ಸರಿಯಿದೆ, ಹಸಿರು ದೀಪ ಸುಮ್ಮನಿದೆ ಅಥವಾ ಎಣಿಸಿದ ಹಾಗೆ ಮಿನುಗುತ್ತದೆ

ಹಸಿರು ದೀಪವನ್ನು ಎಣಿಸಿ. 4 ಸಲ ಮಿನುಗಿ ನಿಂತು ಮತ್ತೆ 4 ಸಲ ಮಿನುಗಿದರೆ ಬೂಟ್ ಆಗಲು ಬೇಕಾದ ಸ್ಟಾರ್ಟ್ ಫೈಲ್ ಸಿಗುತ್ತಿಲ್ಲ. 7 ಸಲವಾದರೆ ಕರ್ನಲ್ ಫೈಲ್ ಸಿಗುತ್ತಿಲ್ಲ. ಎರಡೂ ಇರುವುದು ಕಾರ್ಡಿನ ಮೊದಲ ಸಣ್ಣ ಭಾಗದಲ್ಲಿ, ಅಲ್ಲಿರುವುದು ಫ್ಯಾಟ್ ಅನ್ನುವ ಫೈಲ್ ಸಿಸ್ಟಂ. ಈ ಫ್ಯಾಟ್‌ಗೆ ಜರ್ನಲ್ ಇಲ್ಲ, ಅಂದರೆ ಏನು ಬರೆಯಲಿದ್ದೇನೆ ಅಂತ ಮೊದಲೇ ಗುರುತು ಹಾಕಿಕೊಳ್ಳುವ ಪುಸ್ತಕ ಇಲ್ಲ. ಬರೆಯುವಾಗ ಮಧ್ಯದಲ್ಲಿ ಕರೆಂಟು ಹೋದರೆ ಎಲ್ಲಿಗೆ ನಿಲ್ಲಿಸಿದೆ ಅಂತ ಅದಕ್ಕೇ ನೆನಪಿರುವುದಿಲ್ಲ. ಅಪ್‌ಡೇಟ್ ಓಡುತ್ತಿರುವಾಗ ಕರೆಂಟು ಹೋದರೆ ಹೆಚ್ಚಾಗಿ ಹೀಗಾಗುತ್ತದೆ.

ಖರ್ಚಿಲ್ಲದ ಮೊದಲ ಪರೀಕ್ಷೆ: ಕರೆಂಟು ತೆಗೆದು, ಕಾರ್ಡ್ ಕಿತ್ತು, ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ ಮತ್ತೆ ಹಾಕಿ. ನಗಬೇಡಿ, ಕೋಳಿ ಫಾರಂ ಮತ್ತು ಹಸುವಿನ ಕೊಟ್ಟಿಗೆಯ ಡಬ್ಬಿಗಳಲ್ಲಿ ಪಿನ್ನಿನ ಮೇಲೆ ಕಿಲುಬು ಕೂರುತ್ತದೆ. ಅದೂ ಆಗಲಿಲ್ಲವಾದರೆ ಕೆಲಸ ಮಾಡುವ ಇನ್ನೊಂದು ಕಾರ್ಡ್ ಹಾಕಿ ನೋಡಿ. ಬೋರ್ಡ್ ಎದ್ದರೆ ಬೋರ್ಡ್ ಚೆನ್ನಾಗಿದೆ. ಆಗ ಹಳೆ ಕಾರ್ಡಿನ ಒಂದು ನಕಲು ತೆಗೆದುಕೊಂಡು, ಫ್ಯಾಟ್ ಭಾಗಕ್ಕೆ "ಎಫ್‌ಎಸ್‌ಸಿಕೆ ಡಾಟ್ ವಿಫ್ಯಾಟ್" ಓಡಿಸಿ. ಕಾಣೆಯಾದ ಫೈಲನ್ನು ಅದೇ ಆವೃತ್ತಿಯ ಇನ್ನೊಂದು ಕಾರ್ಡಿನಿಂದ ತಂದು ಹಾಕಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ.

ಲಕ್ಷಣ: ಏಳುವಾಗ ಅರ್ಧಕ್ಕೆ ನಿಂತು ಸಾಲು ಸಾಲು ಇಂಗ್ಲಿಷ್ ಬರುತ್ತದೆ

ಒಂದು ಟಿವಿಗೆ ಎಚ್‌ಡಿಎಂಐ ಹಾಕಿ ಓದಿ, ಫೋಟೋ ತೆಗೆದುಕೊಳ್ಳಿ. ಗಾಬರಿ ಬೇಡ, ಎಲ್ಲಾ ಸಾಲೂ ಕೆಟ್ಟ ಸುದ್ದಿಯಲ್ಲ.

"ಎಕ್ಸ್ಟ್4... ರಿಕವರಿ ಕಂಪ್ಲೀಟ್" ಅಂದರೆ ಒಳ್ಳೆಯದೇ. ಕರೆಂಟು ಸಡನ್ನಾಗಿ ಹೋಗಿತ್ತು, ಜರ್ನಲ್ ನೋಡಿಕೊಂಡು ಸರಿ ಮಾಡಿಕೊಂಡೆ ಅಂತ ಅದು ಹೇಳುತ್ತಿದೆ. ಲಾಗ್ ಫೈಲ್ "ಕರಪ್ಟೆಡ್ ಆರ್ ಅನ್‌ಕ್ಲೀನ್ಲಿ ಶಟ್ ಡೌನ್, ರಿನೇಮಿಂಗ್" ಅಂತ ಬಂದರೆ ಅದೂ ಹೆಚ್ಚಾಗಿ ಅಷ್ಟೇ.

"ಎಮರ್ಜೆನ್ಸಿ ಮೋಡ್" ಅಂತ ನಿಂತರೆ ಮೊದಲು, ಏಳುವಾಗ ಯಾವ ಯಾವ ಡಿಸ್ಕ್ ಜೋಡಿಸಿಕೊಳ್ಳಬೇಕು ಅಂತ ಬರೆದಿರುವ ಫೈಲ್, ಎಫ್‌ಎಸ್‌ಟ್ಯಾಬ್ ನೋಡಿ. ಪೆನ್‌ಡ್ರೈವ್ ಜೋಡಿಸಿ ಅದರ ಹೆಸರು ಅಲ್ಲಿ ಬರೆದಿದ್ದೀರಾ? ಅದು ಸಡಿಲವಾಗಿದ್ದರೂ ಸಾಕು, ಇಡೀ ಬೋರ್ಡ್ ಅದಕ್ಕಾಗಿ ಕಾದು ಸೋತು ನಿಲ್ಲುತ್ತದೆ. ಆ ಸಾಲಿಗೆ "ನೋಫೇಲ್" ಸೇರಿಸಿದರೆ ಪೆನ್‌ಡ್ರೈವ್ ಇಲ್ಲದಿದ್ದರೂ ಬೋರ್ಡ್ ಏಳುತ್ತದೆ.

"ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್" ಬಂದು ಜೊತೆಗೆ 179,2 ಅನ್ನುವ ಸಂಖ್ಯೆ ಕಂಡರೆ, ಕಾರ್ಡಿನ ಎರಡನೇ ಭಾಗ ತೆರೆಯುತ್ತಿಲ್ಲ. "ಎಂಎಂಸಿ0 ಎರರ್ ಮೈನಸ್ 110" ಅಂದರೆ ಕಾರ್ಡ್ ಕೇಳಿದ್ದಕ್ಕೆ ಉತ್ತರ ಕೊಡುತ್ತಿಲ್ಲ. ಮೈನಸ್ 84 ಅಂದರೆ ಉತ್ತರ ಬಂತು, ಆದರೆ ತೊದಲಿತು. ಈ ಎರಡು ಸಂಖ್ಯೆ ಕಂಡಾಗ ಫೈಲ್ ಸಿಸ್ಟಂ ರಿಪೇರಿಗೆ ಕೂರಬೇಡಿ. ಕೆಟ್ಟಿರುವುದು ಕಾರ್ಡ್, ಅದರ ಸಾಕೆಟ್ ಅಥವಾ ಕರೆಂಟು.

ಫೈಲ್ ಸಿಸ್ಟಂ ರಿಪೇರಿ ಮಾಡಲೇಬೇಕು ಅಂತಾದರೆ ಈ ಕ್ರಮ ತಪ್ಪಿಸಬೇಡಿ. ಕಾರ್ಡನ್ನು ಲಿನಕ್ಸ್ ಲ್ಯಾಪ್‌ಟಾಪಿಗೆ ಹಾಕಿ, ಮೌಂಟ್ ಮಾಡದೆ (ಅಂದರೆ ಒಳಗಿನ ಫೈಲುಗಳನ್ನು ತೆರೆಯಲು ಜೋಡಿಸಿಕೊಳ್ಳದೆ), ಇಡೀ ಕಾರ್ಡಿನ ನಕಲು ತೆಗೆಯಿರಿ. ಕಾರ್ಡ್ ಚೆನ್ನಾಗಿ ಓದುತ್ತಿದ್ದರೆ "ಡಿಡಿ" ಸಾಕು, ಮಧ್ಯೆ ಮಧ್ಯೆ ತಡವರಿಸಿದರೆ "ಡಿಡಿರೆಸ್ಕ್ಯೂ". ನಕಲು ಸಿಕ್ಕ ಮೇಲೆ "ಇ2ಎಫ್‌ಎಸ್‌ಸಿಕೆ"ಯನ್ನು ಮೊದಲು "ಮೈನಸ್ ಎನ್" ಹಾಕಿ ಓಡಿಸಿ. ಆಗ ಅದು ನೋಡಿ ಹೇಳುತ್ತದೆ, ಏನನ್ನೂ ಬದಲಾಯಿಸುವುದಿಲ್ಲ. ನಾಲ್ಕಾರು ತಪ್ಪು ತೋರಿಸಿದರೆ ನಿಜವಾದ ರಿಪೇರಿಗೆ ಬಿಡಿ. ಸೂಪರ್‌ಬ್ಲಾಕೇ (ಫೈಲ್ ಸಿಸ್ಟಂನ ಮೊದಲ ಪುಟ ಇದ್ದ ಹಾಗೆ) ಹೋಗಿದೆ ಅಂದರೆ, 4 ಕೆಬಿ ಬ್ಲಾಕಿನ ಎಕ್ಸ್ಟ್4ನಲ್ಲಿ ಇನ್ನೊಂದು ಪ್ರತಿ 32768ನೇ ಬ್ಲಾಕಿನಲ್ಲಿ ಇರುತ್ತದೆ, ಅದನ್ನು ಕೊಟ್ಟು ನೋಡಿ. ಸಾವಿರಗಟ್ಟಲೆ ತಪ್ಪು ಬಂದು ಪರದೆ ಓಡತೊಡಗಿದರೆ ನಿಲ್ಲಿಸಿಬಿಡಿ. ಆ ಸ್ಥಿತಿಯಲ್ಲಿ ರಿಪೇರಿ ಮಾಡಿದರೆ ಎಲ್ಲಾ ಫೈಲೂ ಹೆಸರು ಕಳೆದುಕೊಂಡು ಲಾಸ್ಟ್ ಅಂಡ್ ಫೌಂಡ್ ಅನ್ನುವ ಫೋಲ್ಡರಿನಲ್ಲಿ ಬೀಳುತ್ತವೆ, ಸಂತೆ ಮುಗಿದ ಮೇಲಿನ ಮೈದಾನದ ಹಾಗೆ. ಒಳಗಿನ ಲೆಕ್ಕ ಬೇಕೇ ಬೇಕು ಅಂದರೆ ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಿ. ಕಾರ್ಡ್ ಮುಟ್ಟಿದರೆ ಸುಡುವಷ್ಟು ಬಿಸಿಯಾಗುತ್ತಿದ್ದರೂ, ಕಂಪ್ಯೂಟರಿಗೆ ಕಾಣಿಸದೇ ಇದ್ದರೂ ಇದೇ ಮಾತು: ಕಿತ್ತಿಡಿ, ಪದೇ ಪದೇ ಹಾಕಿ ನೋಡಬೇಡಿ.

ಲಕ್ಷಣ: ಬೋರ್ಡ್ ಎದ್ದಿತು, ಆದರೆ ಲೆಕ್ಕ ಇಲ್ಲ, ಅಥವಾ ಫೈಲ್ ಇದೆ, ಒಳಗೆ ಸೊನ್ನೆ ಬೈಟ್

ನನ್ನ ಪ್ರಕಾರ ಅತಿ ಜಾಸ್ತಿ ಆಗುವುದೂ ಇದೇ, ಅತಿ ಕಮ್ಮಿ ಜನ ಸರಿಯಾಗಿ ಹಿಡಿಯುವುದೂ ಇದೇ. ಇಲ್ಲಿ ಕಾರ್ಡ್ ಚೆನ್ನಾಗಿದೆ. ಫೈಲ್ ಸಿಸ್ಟಂ ಚೆನ್ನಾಗಿದೆ. ತಪ್ಪು ಪ್ರೋಗ್ರಾಂ ಬರೆದವರದು, ಅಂದರೆ ಹಲವು ಸಲ ನನ್ನದು.

ಡೇರಿಯಲ್ಲಿ ಬೆಳಿಗ್ಗೆ ಜನ ಸಾಲುಗಟ್ಟಿದಾಗ ಸೆಕ್ರೆಟರಿ ಏನು ಮಾಡುತ್ತಾರೆ? ಇಷ್ಟು ಲೀಟರ್, ಇಷ್ಟು ಫ್ಯಾಟ್ ಅಂತ ಚೀಟಿಯಲ್ಲಿ ಗೀಚಿಕೊಳ್ಳುತ್ತಾರೆ, ಗಲಾಟೆ ಇಳಿದ ಮೇಲೆ ಖಾತೆ ಪುಸ್ತಕಕ್ಕೆ ಏರಿಸುತ್ತಾರೆ. ಲಿನಕ್ಸ್ ಮಾಡುವುದೂ ಅದನ್ನೇ. ನಿಮ್ಮ ಪ್ರೋಗ್ರಾಂ "ಬರೆ" ಅಂದಾಗ ಅದು ರಾಮ್‌ನಲ್ಲಿ ಇಟ್ಟುಕೊಂಡು "ಬರೆದೆ" ಅಂದುಬಿಡುತ್ತದೆ. ಕಾರ್ಡಿಗೆ ಹೋಗುವುದು ಆಮೇಲೆ. ಸಾಮಾನ್ಯ ಸೆಟ್ಟಿಂಗಿನಲ್ಲಿ 5 ಸೆಕೆಂಡಿಗೊಮ್ಮೆ ಎದ್ದು ನೋಡಿ, 30 ಸೆಕೆಂಡಿಗಿಂತ ಹಳೆಯದಾದ ಚೀಟಿಗಳನ್ನು ಕಾರ್ಡಿಗೆ ಏರಿಸುತ್ತದೆ. ಎಕ್ಸ್ಟ್4 ತನ್ನ ಜರ್ನಲ್ಲನ್ನು ಮುಗಿಸುವುದು 5 ಸೆಕೆಂಡಿಗೊಮ್ಮೆ, ಆದರೆ ಆ ಜರ್ನಲ್ ಮಾಮೂಲಿಯಾಗಿ ಕಾಪಾಡುವುದು ಫೈಲಿನ ಹೆಸರು, ಗಾತ್ರ, ಜಾಗ ಇಂಥ ವಿವರಗಳನ್ನು ಮಾತ್ರ. ಒಳಗಿನ ಅಕ್ಷರಗಳ ಜವಾಬ್ದಾರಿ ಅದು ಹೊರುವುದಿಲ್ಲ. ಅದಕ್ಕೇ ಕರೆಂಟು ಹೋಗಿ ಬಂದಾಗ ಫೈಲಿನ ಹೆಸರು ಇದ್ದೂ ಒಳಗೆ ಖಾಲಿ ಇರುವ ವಿಚಿತ್ರ ಕಾಣುತ್ತದೆ.

ಕಾನ್ಫಿಗ್ ಫೈಲಿನಲ್ಲಿ ಇನ್ನೊಂದು ಕಷ್ಟ. ಹಳೆಯ ಫೈಲನ್ನೇ ತೆರೆದು, ಅಳಿಸಿ, ಹೊಸದಾಗಿ ಬರೆಯುವ ಪ್ರೋಗ್ರಾಂ ಇದ್ದರೆ, ಅಳಿಸಿದ್ದಕ್ಕೂ ಬರೆದದ್ದಕ್ಕೂ ನಡುವೆ ಕರೆಂಟು ಹೋದಾಗ ಹಳೆಯದೂ ಇಲ್ಲ, ಹೊಸದೂ ಇಲ್ಲ. ದಾರಿ ಇದು: ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಹೆಸರಲ್ಲಿ ಹೊಸ ಫೈಲ್ ಬರೆಯಿರಿ, ಅದಕ್ಕೆ "ಎಫ್‌ಸಿಂಕ್" ಕೊಡಿ (ರಾಮ್‌ನಲ್ಲಿರುವುದನ್ನು ಈಗಲೇ ಕಾರ್ಡಿಗೆ ಏರಿಸು ಅಂತ ಹೇಳುವುದು), ಆಮೇಲೆ ಹಳೆಯ ಹೆಸರಿನ ಮೇಲೆ "ರಿನೇಮ್" ಮಾಡಿ, ಕೊನೆಗೆ ಫೋಲ್ಡರಿಗೂ ಒಂದು ಎಫ್‌ಸಿಂಕ್. ಹೀಗೆ ಮಾಡಿದರೆ ಕರೆಂಟು ಯಾವಾಗ ಹೋದರೂ ಹಳೆಯದೋ ಹೊಸದೋ ಒಂದು ಪೂರ್ತಿ ಫೈಲ್ ಸಿಗುತ್ತದೆ. ಪೈಥಾನಿನಲ್ಲಿ "ಫ್ಲಶ್" ಕೊಟ್ಟರೆ ಸಾಕು ಅಂದುಕೊಂಡಿದ್ದೆ ನಾನು, ವರ್ಷಗಟ್ಟಲೆ. ಫ್ಲಶ್ ಮಾಡಿದರೆ ಪ್ರೋಗ್ರಾಮಿನ ಜೇಬಿನಿಂದ ಲಿನಕ್ಸಿನ ಜೇಬಿಗೆ ಹೋಗುತ್ತದೆ, ಅಷ್ಟೇ. ಕಾರ್ಡಿಗೆ ಹೋಗಬೇಕಾದರೆ "ಓಎಸ್ ಡಾಟ್ ಎಫ್‌ಸಿಂಕ್" ಬೇಕು.

ಪ್ರತಿ ಸಾಲಿಗೂ ಎಫ್‌ಸಿಂಕ್ ಹೊಡೆದರೆ ಕಾರ್ಡ್ ಬೇಗ ಸವೆಯುತ್ತದೆ, ಅದೂ ನಿಜ. ಹಾಲಿನ ಲೆಕ್ಕ ಒಬ್ಬೊಬ್ಬರದೂ ಮುಖ್ಯ, ಅಲ್ಲಿ ಪ್ರತಿಯೊಂದಕ್ಕೂ ಹೊಡೆಯಿರಿ. ಮಣ್ಣಿನ ತೇವ ನಿಮಿಷಕ್ಕೊಮ್ಮೆ ಅಳೆಯುವುದಾದರೆ 10 ನಿಮಿಷದ್ದನ್ನು ಒಟ್ಟಿಗೆ ಬರೆದರೂ ಯಾರ ಗಂಟೂ ಹೋಗುವುದಿಲ್ಲ.

ಎಸ್‌ಕ್ಯೂಲೈಟ್ (ಒಂದೇ ಫೈಲಿನಲ್ಲಿರುವ ಸಣ್ಣ ಡೇಟಾಬೇಸ್) ಬಳಸುವವರಿಗೆ: "ಡೇಟಾಬೇಸ್ ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್" ಅಂತ ಬಂದರೆ ಮೊದಲು ಫೈಲನ್ನು ನಕಲು ಮಾಡಿ, ಜೊತೆಗಿರುವ ಜರ್ನಲ್ ಅಥವಾ ವಾಲ್ ಫೈಲನ್ನೂ ಸೇರಿಸಿ. ಆ ಪಕ್ಕದ ಫೈಲ್ ಕಸದ ಹಾಗೆ ಕಾಣುತ್ತದೆ. ಅದನ್ನು ಅಳಿಸಿದರೆ ಅರ್ಧ ಮುಗಿದ ವ್ಯವಹಾರವನ್ನು ಸರಿಪಡಿಸುವ ದಾರಿಯೇ ಮುಚ್ಚಿಹೋಗುತ್ತದೆ. ನಕಲಿನ ಮೇಲೆ "ಪ್ರಾಗ್ಮಾ ಇಂಟೆಗ್ರಿಟಿ ಚೆಕ್" ಓಡಿಸಿ. ಮುಂದಕ್ಕೆ ವಾಲ್ ಮೋಡಿಗೆ (ಬದಲಾವಣೆಯನ್ನು ಮೊದಲು ಪಕ್ಕದ ಫೈಲಿನಲ್ಲಿ ಬರೆದಿಡುವ ರೀತಿ) ಹಾಕಿ. ಆ ಮೋಡಿನಲ್ಲಿ ಸಿಂಕ್ರೊನಸ್ "ನಾರ್ಮಲ್" ಇದ್ದರೆ ಕರೆಂಟು ಹೋದಾಗ ಕೊನೆಯ ಒಂದೆರಡು ವ್ಯವಹಾರ ಹೋಗಬಹುದು, ಡೇಟಾಬೇಸ್ ಕೆಡುವುದಿಲ್ಲ. "ಫುಲ್" ಇದ್ದರೆ ಅವೂ ಉಳಿಯುತ್ತವೆ. ಬರೆಯದೇ "ಬರೆದೆ" ಅಂತ ಕಾರ್ಡ್ ಸುಳ್ಳು ಹೇಳದಿದ್ದರೆ, ಅನ್ನುವ ಷರತ್ತು ಎರಡಕ್ಕೂ ಇದೆ.

ಲಕ್ಷಣ: ಫೈಲ್ ಉಳಿಸಲು ಹೋದರೆ "ರೀಡ್ ಓನ್ಲಿ" ಅನ್ನುತ್ತದೆ, ಅಥವಾ ಉಳಿಸಿದ್ದೆಲ್ಲಾ ರೀಬೂಟ್ ಆದಮೇಲೆ ಮಾಯ

ರೀಡ್ ಓನ್ಲಿ ಅಂದರೆ ಎಕ್ಸ್ಟ್4 ತಪ್ಪು ಕಂಡು ತಾನೇ ಬಾಗಿಲು ಹಾಕಿಕೊಂಡಿದೆ. "ಡಿಎಂಇಎಸ್‌ಜಿ" ಹೊಡೆದು ಲಿನಕ್ಸಿನ ಲಾಗ್ ನೋಡಿ. ಬರೀ ಎಕ್ಸ್ಟ್4 ಎರರ್ ಇದ್ದರೆ ಮೇಲೆ ಹೇಳಿದ ರಿಪೇರಿ. "ಐ ಓ ಎರರ್" ಜೊತೆಗಿದ್ದರೆ ಕಾರ್ಡಿನ ಕಥೆ ಮುಗಿಯುತ್ತಾ ಬಂತು, ಸಿಕ್ಕಿದ್ದನ್ನು ನಕಲು ಮಾಡಿಕೊಳ್ಳಿ.

ಮಾಯವಾಗುವುದು ತಮಾಷೆಯ ಲಕ್ಷಣ. ಸವೆದುಹೋದ ಕೆಲವು ಕಾರ್ಡುಗಳು ಬರೆಯುವುದನ್ನು ಒಪ್ಪಿಕೊಂಡ ಹಾಗೆ ನಟಿಸಿ, ಕರೆಂಟು ಹೋದ ತಕ್ಷಣ ಹಳೆಯದನ್ನೇ ತೋರಿಸುತ್ತವೆ. ಓವರ್‌ಲೇ (ಕಾರ್ಡಿಗೆ ಬರೆಯದೆ ಬದಲಾವಣೆಯನ್ನೆಲ್ಲಾ ರಾಮ್‌ನಲ್ಲೇ ಇಡುವ ಏರ್ಪಾಡು) ಹಾಕಿದ ಬೋರ್ಡಿನಲ್ಲೂ ಹೀಗೇ ಆಗುತ್ತದೆ, ಅಲ್ಲಿ ಅದು ಬೇಕೆಂದೇ ಮಾಡಿದ್ದು. ಹಾಗಾಗಿ ಕಾರ್ಡ್ ಎಸೆಯುವ ಮುಂಚೆ "ಮೌಂಟ್" ಹೊಡೆದು ರೂಟ್ (ಲಿನಕ್ಸ್ ಇರುವ ಮುಖ್ಯ ಭಾಗ) ಮುಂದೆ "ಓವರ್‌ಲೇ" ಅಂತ ಇದೆಯಾ ನೋಡಿ. ನಾನೇ ಹಾಕಿದ ಓವರ್‌ಲೇ ಮರೆತು ನಾನೇ ಒಂದು ಒಳ್ಳೆ ಕಾರ್ಡ್ ಬಿಸಾಕಿದ್ದೇನೆ.

ಇಎಂಎಂಸಿ (ಕಾರ್ಡಿನ ಬದಲು ಬೋರ್ಡಿಗೇ ಬೆಸೆದ ಚಿಪ್) ಇರುವ ಬೋರ್ಡಾದರೆ "ಎಂಎಂಸಿ ಎಕ್ಸ್ಟ್‌ಸಿಎಸ್‌ಡಿ ರೀಡ್" ಹೊಡೆದರೆ ಆಯಸ್ಸು ಎಷ್ಟು ಕಳೆದಿದೆ ಅಂತ ಅದೇ ಹೇಳುತ್ತದೆ. 0ಎಕ್ಸ್01 ಅಂದರೆ 10 ಶೇಕಡಾ ಒಳಗೆ, 0ಎಕ್ಸ್0ಬಿ ಅಂದರೆ ಲೆಕ್ಕ ಮೀರಿದೆ. ಸಾಮಾನ್ಯ ಎಸ್‌ಡಿ ಕಾರ್ಡಿನಲ್ಲಿ ಈ ಸೌಕರ್ಯವಿಲ್ಲ.

ಲಕ್ಷಣ: ತಾರೀಖು ಹಿಂದಕ್ಕೆ ಹೋಗಿದೆ

ಇದು ಫೈಲ್ ಸಿಸ್ಟಂ ದೋಷವಲ್ಲ, ಆದರೆ ಜನ ಹಾಗೆ ತಿಳಿಯುತ್ತಾರೆ. ಪೈ 4ರವರೆಗಿನ ಬೋರ್ಡುಗಳಲ್ಲಿ ಗಡಿಯಾರವೇ ಇಲ್ಲ. ಪೈ 5ರಲ್ಲಿ ಇದೆ, ಬ್ಯಾಟರಿ ನಾವೇ ಹಾಕಬೇಕು. ಇಂಟರ್ನೆಟ್ ಸಿಗುವವರೆಗೆ ಬೋರ್ಡ್ ಕೊನೆಯದಾಗಿ ಉಳಿಸಿದ ಹೊತ್ತಿನಿಂದಲೇ ಎಣಿಸುತ್ತದೆ, ಸಂಜೆಯ ಹಾಲು ಮಧ್ಯಾಹ್ನದ ಲೆಕ್ಕಕ್ಕೆ ಸೇರುತ್ತದೆ. ಒಂದು ಡಿಎಸ್3231 ಗಡಿಯಾರ, ಅದಕ್ಕೊಂದು ಬಟನ್ ಸೆಲ್. ಮುಗಿಯಿತು.

ಲಕ್ಷಣ: ಹೊಸ ಕಾರ್ಡ್ ಹಾಕಿದರೂ ಮತ್ತೆ ಮತ್ತೆ ಕೆಡುತ್ತದೆ

ಮುಳಬಾಗಿಲು ರಸ್ತೆಯ ಕಡೆಯ ಒಂದು ಡೇರಿಯಲ್ಲಿ ಮೂರು ಕಾರ್ಡ್ ಸತ್ತವು. ಕರೆಂಟು ಕಣ್ಣಾಮುಚ್ಚಾಲೆ ಆಡುತ್ತದೆ, ಅದಕ್ಕೇ ಅಂತ ನಾನು ಇನ್ವರ್ಟರಿನಿಂದ ಲೈನ್ ಕೊಡಿಸಿದೆ. ನಾಲ್ಕನೆಯದೂ ಸತ್ತಿತು. ಆಗ "ಜರ್ನಲ್‌ಸಿಟಿಎಲ್ ಲಿಸ್ಟ್ ಬೂಟ್ಸ್" ಹೊಡೆದು, ಪ್ರತಿ ಸಲ ಬೋರ್ಡ್ ಕೊನೆಯದಾಗಿ ಲಾಗ್ ಬರೆದ ಹೊತ್ತು ಯಾವುದು ಅಂತ ಬರೆದುಕೊಂಡೆ. ಕರೆಂಟು ಹೋಗುವುದಾದರೆ ಹೊತ್ತು ಚೆಲ್ಲಾಪಿಲ್ಲಿ ಇರಬೇಕು. ಇಲ್ಲಿ ಹೆಚ್ಚು ಕಮ್ಮಿ ಎಲ್ಲವೂ ರಾತ್ರಿ ಏಳೂವರೆ ಆಸುಪಾಸು! ಹೋಗಿ ಕೂತು ನೋಡಿದೆ. ಸಂಜೆ ಹಾಲು ಮುಗಿಯಿತು, ಕ್ಯಾನು ಹೋಯಿತು, ಸೆಕ್ರೆಟರಿ ಬಾಗಿಲು ಹಾಕುವ ಮುಂಚೆ ಇನ್ವರ್ಟರ್ ಸಮೇತ ಎಲ್ಲಾ ಸ್ವಿಚ್ಚೂ ಕೆಡವಿದರು. ಅವರು ತಪ್ಪೇನು ಮಾಡಿದರು? ಮೂವತ್ತು ವರ್ಷದಿಂದ ಹಾಗೇ ಮನೆಗೆ ಹೋಗುತ್ತಿದ್ದಾರೆ. ಅದೇ ಹೊತ್ತಿಗೆ ನನ್ನ ಪ್ರೋಗ್ರಾಂ ದಿನದ ಲೆಕ್ಕವನ್ನೆಲ್ಲಾ ಒಟ್ಟು ಹಾಕಿ ಬರೆಯುತ್ತಿತ್ತು.

ಆದ್ದರಿಂದ ಮತ್ತೆ ಮತ್ತೆ ಕೆಡುವ ಕಡೆ ಮೊದಲು ಹೊತ್ತು ನೋಡಿ. ಮೋಟಾರ್ ಶುರುವಾಗುವ ಹೊತ್ತಿಗೇ ಬೀಳುತ್ತಿದ್ದರೆ ವೋಲ್ಟೇಜ್ ಕುಸಿಯುತ್ತಿದೆ, ಸಿಂಗಲ್ ಫೇಸ್ ಮೋಟಾರಾದರೆ ಬೋರ್ಡನ್ನು ಬೇರೆ ಫೇಸಿಗೆ ಹಾಕಿ. ಲಾಗ್ ಕಾರ್ಡಿನಲ್ಲಿ ಉಳಿಯುವ ಹಾಗಿದ್ದರೆ ಮಾತ್ರ ಈ ಪತ್ತೇದಾರಿ ಸಾಧ್ಯ. ಹಾಗಾಗಿ ಕಾರಣ ಸಿಗುವವರೆಗೆ ಲಾಗನ್ನು ರಾಮ್‌ಗೆ ಹಾಕಬೇಡಿ. ಕಾರ್ಡ್ ನಕಲಿ ಇದೆಯಾ ಅಂತಲೂ "ಎಫ್3" ಓಡಿಸಿ ನೋಡಿ. 32 ಜಿಬಿ ಅಂತ ಬರೆದು ಒಳಗೆ 8 ಇರುವ ಕಾರ್ಡುಗಳು ಮಾರುಕಟ್ಟೆಯಲ್ಲಿ ಇವೆ.

ಇನ್ನು ಮುಂದೆ ಆಗದ ಹಾಗೆ

ಕಾಸು ಖರ್ಚಿಲ್ಲದ್ದು ಮೊದಲು. "ನೋಅಟೈಮ್" ಹಾಕಿ (ಫೈಲ್ ಓದಿದ ಹೊತ್ತನ್ನೆಲ್ಲಾ ಬರೆದಿಡುವುದು ನಿಲ್ಲುತ್ತದೆ), ಸ್ವಾಪ್ (ರಾಮ್ ಸಾಲದಾಗ ಕಾರ್ಡಿಗೆ ಬರೆಯುವುದು) ನಿಲ್ಲಿಸಿ, ಕಾರಣ ಸಿಕ್ಕ ಮೇಲೆ ಲಾಗ್ ರಾಮ್‌ಗೆ ಹಾಕಿ. ಬರೆಯುವುದು ಕಮ್ಮಿಯಾದಷ್ಟೂ ಬರೆಯುವಾಗಲೇ ಕರೆಂಟು ಹೋಗುವ ಸಂಭವ ಕಮ್ಮಿ. ಆಮೇಲೆ "ರಾಸ್ಪಿ ಕಾನ್ಫಿಗ್"ನಲ್ಲಿ ಓವರ್‌ಲೇ ಆನ್ ಮಾಡಿ. ರೂಟ್ ಭಾಗ ಓದಲು ಮಾತ್ರ, ಬದಲಾವಣೆ ಎಲ್ಲಾ ರಾಮ್‌ನಲ್ಲಿ. ಲೆಕ್ಕಕ್ಕೆ ಮಾತ್ರ ಬೇರೆ ಒಂದು ಭಾಗ ಬರೆಯಲು ಬಿಡಿ. ಅದನ್ನು ಮರೆತರೆ ಒಂದು ಹೊತ್ತಿನ ಹಾಲಿನ ಲೆಕ್ಕ ರೀಬೂಟಿಗೆ ಹೋಗಿಬಿಡುತ್ತದೆ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ನಾವು ಮಾಡಿದ ಭಾಗಗಳ ಗಡಿ ಕಾರ್ಡಿನೊಳಗಿನ ಚಿಪ್ಪಿಗೆ ಗೊತ್ತಿಲ್ಲ. ಅದು ದೊಡ್ಡ ದೊಡ್ಡ ಬ್ಲಾಕುಗಳನ್ನು ಅಳಿಸಿ, ಹಳೆಯ ಡೇಟಾವನ್ನು ಅಲ್ಲಿಂದ ಇಲ್ಲಿಗೆ ಸಾಗಿಸುತ್ತಲೇ ಇರುತ್ತದೆ. ಆ ಸಾಗಾಟದ ಮಧ್ಯೆ ಕರೆಂಟು ಹೋದರೆ, ನೀವು ಮುಟ್ಟದೇ ಇದ್ದ ಫೈಲೂ ಹಾಳಾಗಬಹುದು. ಜರ್ನಲ್ ಇದನ್ನು ತಡೆಯಲಾರದು. ಹಾಗಾಗಿ ಲೆಕ್ಕವನ್ನು ಬೇರೆ ಪೆನ್‌ಡ್ರೈವಿಗೆ ಹಾಕುವುದು ಇನ್ನೂ ಒಳ್ಳೆಯದು. ಅದು ಕೆಟ್ಟರೂ ಬೋರ್ಡ್ ಏಳುತ್ತದೆ. ಬರೀ ಒಂದೆರಡು ಎಣಿಕೆ ಉಳಿಸಿಕೊಳ್ಳಬೇಕು ಅನ್ನುವವರು ಎಫ್‌ರಾಮ್ ಚಿಪ್ ನೋಡಿ, ಅದಕ್ಕೆ ಅಳಿಸುವ ಗೊಡವೆಯೇ ಇಲ್ಲ. ಇಎಸ್‌ಪಿ32 ಥರದ ಸಣ್ಣ ಬೋರ್ಡಾದರೆ ಲಿಟ್ಲ್‌ಎಫ್‌ಎಸ್ ಬಳಸಿ, ಕರೆಂಟು ಹೋಗುವುದನ್ನು ಲೆಕ್ಕದಲ್ಲಿಟ್ಟೇ ಅದನ್ನು ಮಾಡಿದ್ದಾರೆ.

ಶಟ್‌ಡೌನ್ ಬಟನ್ ಹಾಕುವವರಿಗೆ ಒಂದು ಕಿವಿಮಾತು. ಎಲ್ಲರೂ ಜಿಪಿಐಒ 3 ಅನ್ನುವ ಪಿನ್ ಬಳಸಿ ಅನ್ನುತ್ತಾರೆ, ಯಾಕೆಂದರೆ ಅದೇ ಬಟನ್ನಿನಿಂದ ಮತ್ತೆ ಎಬ್ಬಿಸಬಹುದು. ಆದರೆ ಡಿಎಸ್3231 ಗಡಿಯಾರದ ತಂತಿಯೂ ಅದೇ ಪಿನ್ನಿಗೆ ಬರುತ್ತದೆ. ಎರಡೂ ಬೇಕಾದರೆ ಬಟನ್ನನ್ನು ಬೇರೆ ಪಿನ್ನಿಗೆ ಹಾಕಿ.

ಇನ್ವರ್ಟರ್ ಇದ್ದರೆ ಅದರ ಹಿಂದಿನ ಯುಪಿಎಸ್ ಸ್ವಿಚ್ ನೋಡಿ. ಯುಪಿಎಸ್ ಮೋಡಿನಲ್ಲಿ ಬೇಗ ಬದಲಾಗುತ್ತದೆ, ಆದರೆ ಅದು ವೋಲ್ಟೇಜಿನ ವಿಚಾರದಲ್ಲಿ ಮಡಿವಂತ. ಹಳ್ಳಿಯಲ್ಲಿ ಬೇಸಿಗೆಯ ಸಂಜೆ ವೋಲ್ಟೇಜ್ ಇಳಿದಾಗ ಕರೆಂಟು ಇದ್ದರೂ ಬ್ಯಾಟರಿಗೇ ಅಂಟಿಕೊಂಡು ಅದನ್ನು ಖಾಲಿ ಮಾಡುತ್ತದೆ. ಲಿಥಿಯಂ ಸೆಲ್ಲಿನ ಸಣ್ಣ ಯುಪಿಎಸ್ಸನ್ನು ಬಿಸಿಲಿಗೆ ಕಾಯುವ ತಗಡಿನ ಡಬ್ಬಿಯಲ್ಲಿ ಇಡಬೇಡಿ. ಸೆಲ್ ಉಬ್ಬಿದ್ದು ಕಂಡರೆ ಅವತ್ತೇ ತೆಗೆಯಿರಿ, ಚುಚ್ಚಬೇಡಿ.

ನನಗೆ ಇಷ್ಟವಾದದ್ದು ಸೂಪರ್ ಕೆಪಾಸಿಟರ್. 2.7 ವೋಲ್ಟ್, 10 ಫ್ಯಾರಡಿನವು ಆರು, ಸರಣಿಯಲ್ಲಿ. ಒಟ್ಟು 1.67 ಫ್ಯಾರಡ್ ಆಗುತ್ತದೆ. 12 ವೋಲ್ಟಿನಿಂದ 7ಕ್ಕೆ ಇಳಿಯುವಷ್ಟರಲ್ಲಿ ಸುಮಾರು 79 ಜೂಲ್ ಸಿಗುತ್ತದೆ. ಕನ್ವರ್ಟರ್ ನೂರಕ್ಕೆ 85ರಷ್ಟು ಕೊಟ್ಟರೆ 5 ವ್ಯಾಟಿನ ಬೋರ್ಡ್ 13 ಸೆಕೆಂಡ್ ಓಡುತ್ತದೆ. ಚಾರ್ಜಾಗುವ ದಾರಿಯಲ್ಲಿ 10 ಓಮಿನ, 10 ವ್ಯಾಟಿನ ರೆಸಿಸ್ಟರ್ ಹಾಕಿ, ಇಲ್ಲದಿದ್ದರೆ ಖಾಲಿ ಕೆಪಾಸಿಟರ್ ಅಡಾಪ್ಟರಿಗೆ ಶಾರ್ಟ್ ಆದ ಹಾಗೆ ಕಾಣುತ್ತದೆ. ಹೊರಗೆ ಬರುವ ದಾರಿಗೆ ಒಂದು ಷಾಟ್ಕಿ ಡಯೋಡ್, ಅಡಾಪ್ಟರಿನ ಕಡೆ ವಾಪಸ್ ಹರಿಯದ ಹಾಗೆ ಇನ್ನೊಂದು, ಆರಕ್ಕೂ ಒಂದೊಂದು ಸಮತೋಲನದ ರೆಸಿಸ್ಟರ್. ಪ್ಲಸ್ ಮೈನಸ್ ತಿರುವುಮುರುವು ಆಗಬಾರದು, ಬಿಚ್ಚುವ ಮುಂಚೆ ರೆಸಿಸ್ಟರಿನಲ್ಲಿ ಖಾಲಿ ಮಾಡಬೇಕು. ಅಡಾಪ್ಟರ್ ಬದಿಯ 12 ವೋಲ್ಟನ್ನು 33 ಕಿಲೋಓಮ್ ಮತ್ತು 10 ಕಿಲೋಓಮ್ ಮೂಲಕ ಇಳಿಸಿ ಒಂದು ಪಿನ್ನಿಗೆ ಕೊಟ್ಟರೆ ಸುಮಾರು 2.8 ವೋಲ್ಟ್ ಬರುತ್ತದೆ. ಅದು ಬಿದ್ದ ತಕ್ಷಣ ಕರೆಂಟು ಹೋಯಿತು ಅಂತ ಪ್ರೋಗ್ರಾಮಿಗೆ ಗೊತ್ತಾಗುತ್ತದೆ.

ಗೊತ್ತಾದ ಮೇಲೆ ಏನು ಮಾಡಬೇಕು? ಶಟ್‌ಡೌನ್ ಮಾಡಿದರೆ ಒಂದು ಬಲೆ ಇದೆ. ಬೋರ್ಡ್ ಮಲಗಿದ ಮೇಲೆ, ಕೆಪಾಸಿಟರ್ ಖಾಲಿಯಾಗುವ ಮುಂಚೆ ಕರೆಂಟು ಬಂದುಬಿಟ್ಟರೆ ಬೋರ್ಡ್ ಮಲಗಿಯೇ ಇರುತ್ತದೆ. ಅದನ್ನು ಎಬ್ಬಿಸಲು ನೀವು ಬಸ್ಸು ಹಿಡಿಯಬೇಕು. ನಾನು ಮಾಡುವುದು ಹೀಗೆ: 2 ಸೆಕೆಂಡ್ ಕಾಯುತ್ತೇನೆ, ಬರೀ ಮಿನುಗಾದರೆ ಬಿಟ್ಟುಬಿಡುತ್ತೇನೆ. ಬರಲಿಲ್ಲವಾದರೆ ಪ್ರೋಗ್ರಾಂ ನಿಲ್ಲಿಸಿ, ಲೆಕ್ಕದ ಭಾಗವನ್ನು ಅನ್‌ಮೌಂಟ್ ಮಾಡಿ, ಸುಮ್ಮನೆ ಕೂರುತ್ತೇನೆ. ಕರೆಂಟು ಬಂದರೆ ರೀಬೂಟ್. ಬರದಿದ್ದರೆ ತಾನಾಗಿಯೇ ಆರುತ್ತದೆ, ಆಗ ಬರೆಯುತ್ತಿರುವುದು ಏನೂ ಇರುವುದಿಲ್ಲ.

ಕೊಡುವ ಮುಂಚೆ ಒಂದು ಟೈಮರ್ ರಿಲೇ ಹಾಕಿ, ಪ್ರೋಗ್ರಾಂ ಜೋರಾಗಿ ಬರೆಯುತ್ತಿರುವಾಗಲೇ ರಾತ್ರಿಯಿಡೀ ಕರೆಂಟು ತೆಗೆದು ಕೊಟ್ಟು ಮಾಡಿ, ತೆಗೆಯುವ ಹೊತ್ತು ಒಂದೇ ಥರ ಇರದ ಹಾಗೆ. ಬೆಳಿಗ್ಗೆ ಎಷ್ಟು ಸಾಲು ಬರೆದಿದ್ದಿರಿ, ಎಷ್ಟು ಉಳಿದಿವೆ ಎಣಿಸಿ.

ಆ ಡೇರಿಯಲ್ಲಿ ಮೊದಲು ಶಟ್‌ಡೌನ್ ಬಟನ್ ಹಾಕಿಕೊಟ್ಟಿದ್ದೆ. ಸೆಕ್ರೆಟರಿ ಎರಡು ದಿನ ಒತ್ತಿದರು, ಮೂರನೇ ದಿನ ಮರೆತರು. "ನನಗೆ ಇನ್ನೊಂದು ಕೆಲಸ ಹೇಳಬೇಡಿ ಸ್ವಾಮಿ" ಅಂದರು. ಸರಿ ಅಂತ ಓವರ್‌ಲೇ, ಕೆಪಾಸಿಟರ್ ಎರಡೂ ಹಾಕಿದೆ, ದಿನದ ಲೆಕ್ಕ ಒಟ್ಟು ಹಾಕುವುದನ್ನು ಬೆಳಿಗ್ಗೆಗೆ ತಳ್ಳಿದೆ. ಈಗಲೂ ಅವರು ಏಳೂವರೆಗೆ ಎಲ್ಲಾ ಸ್ವಿಚ್ ಕೆಡವಿಯೇ ಮನೆಗೆ ಹೋಗುತ್ತಾರೆ.